ಲಾರಿ ರಸ್ತೆಯ ದೀಡ ನಮಸ್ಕಾರ

ಹೊಸಪೇಟೆಯ ಒಂದು ಪಿಯು ಕಾಲೇಜಿನಲ್ಲಿ ರೇಣುಕಾದೇವಿ ಇವತ್ತಿಗೂ ಜೀವಶಾಸ್ತ್ರ ಕಲಿಸುತ್ತಾಳೆ. ಚಿತ್ತವಾಡ್ಗಿಯಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಆಟೋ ಹತ್ತಿ ಹೋಗುತ್ತಾಳೆ, ಸಂಜೆ ಆಟೋ ಇಳಿದು ಬರುತ್ತಾಳೆ, ಯಾರ ತಂಟೆಗೂ ಹೋಗುವುದಿಲ್ಲ. ಅನುವಂಶೀಯತೆಯ ಪಾಠ ಬಂದಾಗ ಮಾತ್ರ ಬೋರ್ಡಿನ ಮೇಲೆ ಬರೆಯುವುದನ್ನೆಲ್ಲ ಬರೆದು, ಮಕ್ಕಳು ಪ್ರಶ್ನೆ ಕೇಳುವ ಮೊದಲೇ ಹೊರಗೆ ನಡೆದುಬಿಡುತ್ತಾಳಂತೆ. ಅಲ್ಲಿ ಓದುವ ನನ್ನ ಅಣ್ಣನ ಮಗಳು ಕಾವ್ಯ ಇದನ್ನು ಹೇಳಿ, ‘ಆ ಮೇಡಮ್ಮಿಗೆ ಭಾಳ ಸೊಕ್ಕು’ ಎಂದು ಸೇರಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು. ಸೊಕ್ಕಂತೆ! ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಶೈಲಜಾ, ಕಂಪ್ಲಿಯ ರೈಸ್‌ಮಿಲ್ಲಿನ ಮನೆಯವಳು. ನಾನೂ ರೇಣುಕಾಳೂ 2004ರಿಂದ ಎರಡು ವರ್ಷ ದಕ್ಷಿಣದ ಒಂದು ವಿಶ್ವವಿದ್ಯಾಲಯದಲ್ಲಿ ಹ್ಯೂಮನ್ ಜೆನೆಟಿಕ್ಸ್ ಓದಿದೆವು. ಹಾಸ್ಟೆಲಿನಲ್ಲಿ ಒಂದೇ ಕೋಣೆ. ನಾನು ಆ ವಿಷಯ ತೆಗೆದುಕೊಂಡದ್ದು ಮದುವೆಯನ್ನು ಎರಡು ವರ್ಷ ಮುಂದಕ್ಕೆ ತಳ್ಳಬಹುದು ಎಂದು. ಸುಳ್ಳೇಕೆ ಹೇಳಲಿ, ವಂಶವಾಹಿಗಳ ಮೇಲೆ ನನಗೆ ಯಾವ ಪ್ರೀತಿಯೂ ಇರಲಿಲ್ಲ. ರೇಣುಕಾ ಹಾಗಲ್ಲ. ಅವಳ ತಮ್ಮ ದುರುಗೇಶನಿಗೆ ಕಾಲಿನಲ್ಲಿ ಬಲವಿರಲಿಲ್ಲ, ನಿಂತಲ್ಲೇ ಕುಸಿಯುತ್ತಿದ್ದ. ಯಾಕೆ ಎಂದು ತಿಳಿಯಬೇಕಿತ್ತು ಅವಳಿಗೆ. ಊರ ಡಾಕ್ಟರು ಟಾನಿಕ್ ಬರೆದುಕೊಟ್ಟಿದ್ದರು. ಓಣಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅವಳ ಅಪ್ಪ ಮಾತ್ರ ಕಾರಣ ತನಗೆ ಗೊತ್ತು ಎಂದು ನಂಬಿದ್ದ.

ಅಪ್ಪ ಗಾದಿಲಿಂಗಪ್ಪ ಕುರೆಕುಪ್ಪದವನು. ಆಗ ನಮ್ಮ ಕಡೆ ಮಣ್ಣು ಮಾರಿ ಹೆಲಿಕಾಪ್ಟರ್ ಕೊಳ್ಳುವ ಕಾಲ. ಸಂಡೂರಿನ ಗುಡ್ಡಗಳಲ್ಲಿ ಹಗಲೂ ರಾತ್ರಿ ಯಂತ್ರ ಓಡುತ್ತಿದ್ದವು. ತಲೆಮಾರುಗಳಿಂದ ಕೂಲಿ ಮಾಡಿದ್ದ ಮನೆಯಲ್ಲಿ ಇವನು ಹಿಟಾಚಿ ನಡೆಸುವುದನ್ನು ಕಲಿತು ಆಪರೇಟರ್ ಆಗಿದ್ದ, ಅಂದರೆ ಗುಡ್ಡ ಅಗೆದು ಲಾರಿಗೆ ತುಂಬುವ ಯಂತ್ರದ ಮೇಲೆ ಕೂರುವವನು. ಓಣಿಯಲ್ಲಿ ಅವನನ್ನು ಜನ ‘ಆಪರೇಟರ್ರು’ ಎಂದೇ ಕರೆಯುತ್ತಿದ್ದರು. ರೇಣುಕಾ ಹುಟ್ಟಿದ ಎಷ್ಟೋ ವರ್ಷಗಳ ಮೇಲೆ, ದುರುಗಮ್ಮನಿಗೆ ಹರಕೆ ಹೊತ್ತು ಪಡೆದ ಗಂಡುಮಗು ದುರುಗೇಶ. ಅವನು ಶಾಲೆಗೆ ಸೇರಿದ ವರ್ಷ ಗುಡ್ಡದ ಮೇಲೆ ಒಂದು ಕೆಲಸ ಬಂತು. ಹುಣಸೆಮರ, ಅದರ ಬುಡಕ್ಕೆ ಕಟ್ಟೆ, ಕಟ್ಟೆಯ ಮೇಲೆ ಕುಂಕುಮ ಮೆತ್ತಿದ ಒಂದು ಕಲ್ಲು. ಅದೂ ದುರುಗಮ್ಮನೇ. ಗಾದಿಲಿಂಗಪ್ಪ ಯಂತ್ರ ನಿಲ್ಲಿಸಿದ. ಕೆಳಗಿನಿಂದ ಸೂಪರ್‌ವೈಸರ್ ಕೂಗಿದ: ‘ಏನ್ ನೋಡ್ತೀಲೇ, ಸೈಡಿಗೆ ಸರ್ಸು. ಲಾರಿ ಕಾಯಾಕತ್ತಾವ.’

ಸರಿಸಿದ. ಕಲ್ಲು ಉರುಳಿ ಕೆಳಗಿನ ಕಸಮಣ್ಣಿನ ರಾಶಿಗೆ ಹೋಯಿತು. ಆ ವರ್ಷವೇ ದುರುಗೇಶ ಬೀಳತೊಡಗಿದ.

ಗಾದಿಲಿಂಗಪ್ಪ ಅದಾದ ಮೇಲೆ ಯಂತ್ರ ಹತ್ತಲಿಲ್ಲ. ಮಣ್ಣಿನ ರಾಶಿಯಲ್ಲಿ ಹುಡುಕಿ ಹುಡುಕಿ ಆ ಕಲ್ಲನ್ನು ತೆಗೆದ. ಹೆಗಲ ಮೇಲೆ ಹೊತ್ತು ತಂದು ಊರ ಹೊರಗೆ ಅದಿರು ಲಾರಿಗಳ ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ ನಿಲ್ಲಿಸಿದ. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಮನೆಯ ಬಾಗಿಲಿನಿಂದ ಆ ಬೇವಿನ ಮರದವರೆಗೆ ದೀಡ ನಮಸ್ಕಾರ. ಒದ್ದೆ ಬಟ್ಟೆಯಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿ ಕೈ ಚಾಚುತ್ತಾನೆ. ಕೈ ಮುಟ್ಟಿದಲ್ಲಿ ಹೆಂಡತಿ ಉಚ್ಚಂಗೆಮ್ಮ ಕೋಲಿನಿಂದ ಗೆರೆ ಎಳೆಯುತ್ತಾಳೆ. ಎದ್ದು ಆ ಗೆರೆಗೆ ಹೋಗಿ ನಿಂತು ಮತ್ತೆ ಮಲಗುತ್ತಾನೆ. ಗುಡಿಯ ಮುಂದಾದರೆ ಜನ ದಾರಿ ಬಿಡುತ್ತಾರೆ, ನೀರು ಹಾಕುತ್ತಾರೆ. ಇದು ಹಗಲಿಡೀ ಲಾರಿ ಒಂದರ ಹಿಂದೊಂದು ಹೋಗುವ ರಸ್ತೆ. ಕೆಂಪು ದೂಳಿನಲ್ಲಿ ಕೆಂಪಾಗಿ ಮಲಗಿದ ಮನುಷ್ಯ ಡ್ರೈವರನ ಕಣ್ಣಿಗೆ ಬಿದ್ದರೆ ಪುಣ್ಯ. ರಸ್ತೆಯ ಒಂದು ಪಕ್ಕ ಕಂದಕ, ಇನ್ನೊಂದು ಪಕ್ಕ ಜಾಲಿಕಂಟಿ, ಬೇರೆ ದಾರಿಯೂ ಇರಲಿಲ್ಲ.

ಇದನ್ನೆಲ್ಲ ರೇಣುಕಾ ಹಾಸ್ಟೆಲಿನಲ್ಲಿ ಹೇಳುತ್ತಿದ್ದಳು. ಅಮಾವಾಸ್ಯೆಯ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನ್ ಮಾಡಿ, ‘ನಮ್ಮಪ್ಪ ಮನಿ ಮುಟ್ಟಿದ್ನೇನ್ರಿ’ ಎಂದು ಕೇಳಿದ ಮೇಲೆಯೇ ತಟ್ಟೆ ಮುಟ್ಟುತ್ತಿದ್ದಳು.

ಮೊದಲ ವರ್ಷದ ಕೊನೆಗೆ ಒಂದು ಮಧ್ಯಾಹ್ನ ನಮಗೆ ತರಗತಿಯಲ್ಲಿ ಹಳೆಯ ಕಪ್ಪುಬಿಳುಪು ಚಿತ್ರವೊಂದನ್ನು ತೋರಿಸಿದರು. ಯಾವುದೋ ದೇಶದ ಹುಡುಗ ನೆಲದ ಮೇಲೆ ಕೂತಿದ್ದಾನೆ. ಏಳು ಎಂದರೆ ನೇರವಾಗಿ ಏಳಲಾರ. ಮೊದಲು ಕೈಯೂರುತ್ತಾನೆ, ಆಮೇಲೆ ಮೊಣಕಾಲು ಹಿಡಿಯುತ್ತಾನೆ, ಆಮೇಲೆ ತೊಡೆ. ತನ್ನ ಮೈಯನ್ನೇ ತಾನು ಹತ್ತಿದಂತೆ ಏಳುತ್ತಾನೆ. ಮೀನಖಂಡ ಮಾತ್ರ ಪೈಲ್ವಾನನದು. ನಾವು ಬರೆದುಕೊಳ್ಳುತ್ತಿದ್ದೆವು. ಪಕ್ಕದಲ್ಲಿ ಕೂತಿದ್ದ ರೇಣುಕಾ ಎದ್ದು ಹೊರಗೆ ಹೋದಳು. ಹಿಂದೆಯೇ ಹೋದೆ. ಕಾರಿಡಾರಿನ ಕಂಬ ಹಿಡಿದು ನಿಂತಿದ್ದಳು.

‘ಶೈಲೂ, ನಮ್ಮ ದುರುಗ ಹಿಂಗ ಏಳ್ತಾನ’ ಎಂದಳು.

ಆ ರೋಗದ ಹೆಸರು ಡುಶೆನ್. ಸ್ನಾಯುಗಳು ಒಂದೊಂದಾಗಿ ಕರಗುತ್ತವೆ, ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರು ಮತ್ತು ಎದೆ. ಔಷಧಿ ಇರಲಿಲ್ಲ. ರಜೆಯಲ್ಲಿ ಅವಳು ತಮ್ಮನನ್ನು ಬೆಂಗಳೂರಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದಳು. ಮನೆಯಲ್ಲಿ ಕಾಲಿಗೆ ಪಟ್ಟಿ ಹಾಕಿಸಲು ಎಂದು ಹೇಳಿದ್ದಳು. ಅನುಮಾನವಿಲ್ಲ, ಅದೇ ಎಂದರು. ಬರುವಾಗ ಬಸ್ಸಿನಲ್ಲಿ ದುರುಗೇಶ ಕಿಟಕಿಯ ಪಕ್ಕ ಕೂತು, ದಾರಿಯ ಊರುಗಳ ಹೆಸರನ್ನೆಲ್ಲ ಕೂಡಿಸಿ ಕೂಡಿಸಿ ಓದಿದನಂತೆ. ಅವಳು ಇಡೀ ದಾರಿ ಮುಖ ಆಚೆ ತಿರುಗಿಸಿ ಕೂತಿದ್ದಳು.

ಇನ್ನೊಂದು ಮಾತನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಹೆಂಗಸಿಗೆ ಎಕ್ಸ್ ಎಂಬ ಕ್ರೋಮೋಸೋಮು ಎರಡು, ಗಂಡಸಿಗೆ ಒಂದು. ಈ ರೋಗದ ದೋಷ ಇರುವುದು ಆ ಎಕ್ಸ್‌ನಲ್ಲಿ. ಹೆಂಗಸಿನಲ್ಲಿ ಒಂದು ಕೆಟ್ಟರೆ ಇನ್ನೊಂದು ಮನೆ ನಡೆಸುತ್ತದೆ, ಅವಳಿಗೆ ಏನೂ ಆಗುವುದಿಲ್ಲ. ಅವಳ ಮಗನಿಗೆ ಆ ಕೆಟ್ಟದ್ದೇ ಹೋದರೆ ಅವನಿಗೆ ಬದಲಿ ಇಲ್ಲ. ಮಗನಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಅಂದರೆ ಗಾದಿಲಿಂಗಪ್ಪ ಸರಿಸಿದ ಕಲ್ಲಿಗೂ ದುರುಗೇಶನ ಕಾಲಿಗೂ ಸಂಬಂಧವಿಲ್ಲ. ಇದನ್ನು ಹೇಳಿದರೆ ಅವನು ರಸ್ತೆಯಲ್ಲಿ ಮಲಗುವುದು ನಿಲ್ಲುತ್ತದೆ. ಆದರೆ ಹೇಳಿದ ಮರುಗಳಿಗೆ ಬೆರಳು ಉಚ್ಚಂಗೆಮ್ಮನ ಕಡೆ ತಿರುಗುತ್ತದೆ. ಗಂಡುಮಗು ಹೆರಲಿಲ್ಲ ಎಂದು ವರ್ಷಗಟ್ಟಲೆ ಮಾತು ತಿಂದ ಹೆಂಗಸು ಅವಳು. ಕೊನೆಗೊಂದು ಹೆತ್ತಳು ಎನ್ನುವಾಗ, ಅದರ ರೋಗವೂ ನಿನ್ನದೇ ಎಂದು ಮಗಳೇ ಹೋಗಿ ಹೇಳಬೇಕು. ಅತ್ತ ದರಿ, ಇತ್ತ ಪುಲಿ.

‘ಹೇಳಬ್ಯಾಡ, ಸುಮ್ನಿರು’ ಎಂದೆ ನಾನು. ‘ಹೆಂಗಿದ್ರೂ ಹುಡುಗಗ ಔಷಧ ಇಲ್ಲ.’

‘ಅಪ್ಪಗ ಲಾರಿ ಹಾಯ್ದ್ರ?’ ಎಂದಳು.

ಹಾಯಿತು. ಆಷಾಢದ ಅಮಾವಾಸ್ಯೆಯಂದು ಒಂದು ಲಾರಿ ಇನ್ನೊಂದನ್ನು ಹಿಂದೆ ಹಾಕಲು ಹೋಗಿ ರಸ್ತೆಯ ಅಂಚಿಗೆ ಬಂತು. ಉಚ್ಚಂಗೆಮ್ಮ ಗಂಡನ ಕಾಲು ಹಿಡಿದು ಎಳೆಯದಿದ್ದರೆ ತಲೆಯ ಮೇಲೇ ಹೋಗುತ್ತಿತ್ತು. ಲಾರಿ ತಗುಲಿ ಮೊಣಕೈ ಮುರಿಯಿತು. ಲಾರಿ ನಿಲ್ಲಲಿಲ್ಲ. ಮುಂದಿನ ಅಮಾವಾಸ್ಯೆಗೆ ಗಾದಿಲಿಂಗಪ್ಪ ಕೈಗೆ ಪಟ್ಟಿ ಕಟ್ಟಿಕೊಂಡೇ ಮಲಗಿದ. ‘ದೇವಿ ಕೈ ತಗೊಂಡ್ಳು, ಇನ್ನ ಹುಡುಗನ ಕಾಲು ಕೊಡ್ತಾಳ’ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದನಂತೆ. ಆ ಮಾತು ಕೇಳಿ ರೇಣುಕಾ ಹಾಸ್ಟೆಲಿನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವಳು ಮರುದಿನ ತರಗತಿಗೆ ಬರಲಿಲ್ಲ.

ಆ ವರ್ಷ ಹಿರಿಯರ ಹಬ್ಬಕ್ಕೆ ನಾನೂ ಅವಳ ಮನೆಗೆ ಹೋಗಿದ್ದೆ. ನಮ್ಮ ಮನೆಯಲ್ಲಿ ಹಂಪಿಗೆ ಹೋಗುತ್ತೇನೆಂದು ಹೇಳಿ ಹೋಗಿದ್ದೆ. ಅವರ ಕೇರಿಗೆ ಹೋಗಿ ಉಣ್ಣುತ್ತೇನೆಂದರೆ ನಮ್ಮಪ್ಪ ಬಿಡುವ ಪೈಕಿ ಅಲ್ಲ. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಅದು. ತೀರಿಹೋದವರಿಗೆ ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದ ಅಡುಗೆ ಮಾಡಿ ಎಡೆ ಇಡುವ ಹಬ್ಬ. ಒಂದು ಪಂಚೆ, ಒಂದು ಸೀರೆ. ಅದರ ಪಕ್ಕಕ್ಕೆ ಅಜ್ಜಿ ಜಂಬಕ್ಕ ಒಂದು ಹುಡುಗನ ಅಂಗಿ ಇಟ್ಟಳು.

ಜಂಬಕ್ಕ ಗಾದಿಲಿಂಗಪ್ಪನ ತಾಯಿ. ಉಚ್ಚಂಗೆಮ್ಮನಿಗೆ ಅವಳು ಅತ್ತೆಯೂ ಹೌದು, ಅಜ್ಜಿಯೂ ಹೌದು. ನಮ್ಮ ಕಡೆಯವರಿಗೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಜಂಬಕ್ಕನ ಹಿರಿಯ ಮಗಳು ತಾಯಕ್ಕ, ತಾಯಕ್ಕನ ಮಗಳು ಉಚ್ಚಂಗೆಮ್ಮ, ಅವಳನ್ನು ಸೋದರಮಾವ ಗಾದಿಲಿಂಗಪ್ಪನಿಗೇ ಕೊಟ್ಟಿದ್ದರು. ತಾಯಕ್ಕ ತೀರಿ ವರ್ಷಗಳಾಗಿದ್ದವು. ಆ ಸೀರೆ ಅವಳದು.

‘ಈ ಅಂಗಿ ಯಾರಿಗಜ್ಜಿ?’ ಎಂದು ರೇಣುಕಾ ಕೇಳಿದಳು. ಪ್ರತಿ ವರ್ಷವೂ ಅದನ್ನು ನೋಡುತ್ತಿದ್ದಳಂತೆ, ಯಾವುದೋ ಸತ್ತ ಕೂಸಿಗೆ ಎಂದುಕೊಂಡು ಕೇಳಿರಲಿಲ್ಲ.

ಅಜ್ಜಿ ಬಾಗಿಲ ಕಡೆ ನೋಡಿದಳು. ದುರುಗೇಶ ಹೊರಗೆ ಗೋಲಿ ಆಡುತ್ತಿದ್ದ. ದನಿ ತಗ್ಗಿಸಿ ಹೇಳಿದಳು. ‘ನಮ್ಮ ಪಂಪಣ್ಣಗವ್ವ. ನಿಮ್ಮಪ್ಪಗ ಅಣ್ಣ ಆಗಬೇಕು. ನಿಮ್ಮಪ್ಪ ಕೈಕೂಸಿದ್ದಾಗ ಹೋದ.’

‘ಏನಾಗಿತ್ತು?’

‘ಕಾಲು ಬಿದ್ದುವು. ಮೀನಖಂಡ ನೋಡಿದ್ರ ಜಟ್ಟಿ. ಏಳಬೇಕಂದ್ರ ತೊಡಿ ಹಿಡಕೊಂಡು ಏಳ್ತಿದ್ದ. ಆಮ್ಯಾಲೆ ತೆವಳಿದ. ಮೀಸಿ ಮೂಡೋ ಹೊತ್ತಿಗೆ ಹ್ವಾದ.’

‘ಇಷ್ಟು ವರ್ಷ ಯಾಕ ಹೇಳಲಿಲ್ಲಜ್ಜಿ?’

‘ಕಾಲಿಲ್ಲದ ಹುಡುಗ ಮನ್ಯಾಗ ಅದಾನ. ಅವನ ಮುಂದ ಸತ್ತವನ ಹೆಸರು ತಗೀಬಾರದವ್ವ. ಕರದಂಗ ಆಗ್ತೈತಿ.’

ಇದು ಅವರ ಕೇರಿಯ ನಿಯಮ, ನಮ್ಮ ಮನೆಯಲ್ಲೂ ಇದೆ. ಕಾಹಿಲೆಯವರ ಎದುರು ಅದೇ ಕಾಹಿಲೆಯಿಂದ ಸತ್ತವರ ಸುದ್ದಿ ಎತ್ತಬಾರದು. ಗಾದಿಲಿಂಗಪ್ಪನಿಗೆ ಮೊದಲಿನಿಂದಲೂ ತನಗೊಬ್ಬ ಅಣ್ಣನಿದ್ದ ಎಂದಷ್ಟೇ ಗೊತ್ತಿತ್ತು. ಮೊಮ್ಮಗನಲ್ಲಿ ಅದೇ ಕಾಹಿಲೆ ಕಂಡ ದಿನದಿಂದ ಆ ಮುದುಕಿ ತುಟಿ ಹೊಲಿದುಕೊಂಡಿದ್ದಳು. ಈ ಸುಡುಗಾಡು ನಿಯಮ ಮಾಡಿದವರು ಯಾರೋ, ಅವರ ಬಾಯಿಗೆ ಮಣ್ಣು ಹಾಕಬೇಕು ಎನ್ನಿಸಿತು ನನಗೆ.

ರೇಣುಕಾ ಮಾತ್ರ ಹಿಗ್ಗಿದಳು. ಹಿತ್ತಲಿಗೆ ನನ್ನನ್ನು ಎಳೆದುಕೊಂಡು ಹೋದಳು. ಅವಳ ಕಣ್ಣು ಹೊಳೆಯುತ್ತಿದ್ದವು. ‘ಇದು ಅವ್ವನಿಂದ ಶುರು ಆಗಿದ್ದಲ್ಲ ಶೈಲೂ. ಅಜ್ಜಿಯಿಂದ ತಾಯಕ್ಕಗ, ತಾಯಕ್ಕನಿಂದ ಅವ್ವಗ, ಅವ್ವನಿಂದ ದುರುಗಗ. ಅಪ್ಪ ಇನ್ನ ನಿನ್ನ ತವರಿನ ರಕ್ತ ಅಂತ ಅವ್ವಗ ಅನ್ನಂಗಿಲ್ಲ. ಅವ್ವನ ತವರು ಅಂದ್ರ ಅವನ ಮನೀನ! ಯಾರ ತಪ್ಪೂ ಅಲ್ಲ ಅಂತ ಹೇಳಬೌದು ಈಗ.’

ಜೆನೆಟಿಕ್ಸ್ ಓದಿದವರ ಬುದ್ಧಿ ಇದು. ಯಾರ ತಪ್ಪೂ ಅಲ್ಲ ಎಂದರೆ ಎಲ್ಲರಿಗೂ ಹಗುರಾಗುತ್ತದೆ ಎಂದು ಅವಳು ನಂಬಿದಳು. ನಾನೂ ನಂಬಿದೆ.

ಎಡೆ ಇಟ್ಟು ಎಲ್ಲರೂ ಉಂಡ ಮೇಲೆ ಹೇಳಿದಳು. ಚೆನ್ನಾಗಿಯೇ ಹೇಳಿದಳು, ಪುಸ್ತಕದ ಒಂದು ಶಬ್ದವೂ ಇಲ್ಲದೆ. ಎರಡು ಎತ್ತಿನ ಗಾಡಿಯಲ್ಲಿ ಒಂದು ಎತ್ತು ಕುಂಟಿದರೂ ಇನ್ನೊಂದು ಎಳೆದೀತು, ಒಂಟಿ ಎತ್ತಿನ ಗಾಡಿಯಲ್ಲಿ ಆ ಎತ್ತೇ ಕುಂಟಿದರೆ ಗಾಡಿ ನಿಲ್ಲುತ್ತದೆ, ಹಾಗೆ ಎಂದಳು. ಪಂಪಣ್ಣನಿಗೂ ಇದೇ ಆಗಿತ್ತು ಎಂದಳು. ಬೆಂಗಳೂರಿನಲ್ಲಿ ರಕ್ತ ನೋಡಿ ಹೇಳಿದ್ದಾರೆ ಎಂದಳು. ‘ಕಲ್ಲಿಂದಲ್ಲಪ್ಪ, ಕಲ್ಲು ಸರಿಸೋ ಮೊದಲ ಇದು ಅವನ ಮೈಯಾಗ ಇತ್ತು. ನೀನು ಆ ರಸ್ತ್ಯಾಗ ಮಲಗಬ್ಯಾಡ, ಕೈ ಮುಗೀತೀನಿ.’

ಗಾದಿಲಿಂಗಪ್ಪ ಪೂರಾ ಕೇಳಿಸಿಕೊಂಡ. ಆಮೇಲೆ ಒಂದೇ ಪ್ರಶ್ನೆ ಕೇಳಿದ. ‘ಇದಕ್ಕ ಏನು ಮಾಡಬೇಕಂತ ನಿಮ್ಮ ಪುಸ್ತಕದಾಗ?’

ರೇಣುಕಾ ಎಡೆಯ ಪಕ್ಕದ ಅಂಗಿಯ ಕಡೆ ನೋಡಿದಳು.

‘ನನ್ನ ತಪ್ಪಾಗಿದ್ರ ಚಲೋ ಇತ್ತವ್ವ’ ಎಂದ. ‘ತಪ್ಪಿಗೆ ಪರಿಹಾರ ಇರ್ತೈತಿ. ಹಾಕ್ಕೊಂಡು ಹೊಡದ್ರೂ ಹೊಡಸ್ಕೊಂತಿದ್ದೆ, ಸಾಯಿ ಅಂದ್ರ ಸಾಯ್ತಿದ್ದೆ. ಇದಕ್ಕ ಏನು ಮಾಡ್ಲಿ?’

ಉಚ್ಚಂಗೆಮ್ಮ ತಟ್ಟೆಗಳನ್ನು ತೆಗೆದುಕೊಂಡು ಹಿತ್ತಲಿಗೆ ಹೋದಳು. ತೊಳೆಯುವ ಸದ್ದು ಬರಲಿಲ್ಲ. ಜಂಬಕ್ಕ ಗೋಡೆಗೊರಗಿ ಕೂತಿದ್ದಳು. ಹೊರಗಿನಿಂದ ಗೋಡೆ ಹಿಡಿದು ಬಂದ ದುರುಗೇಶ ರೂಢಿಯಂತೆ ಅವಳ ತೊಡೆಯ ಮೇಲೆ ತಲೆ ಇಟ್ಟ. ಮುದುಕಿ ಕೈ ಎತ್ತಿ ಅವನ ತಲೆ ಮುಟ್ಟಲು ಹೋಗಿ ಹಿಂದೆ ತೆಗೆದುಕೊಂಡಳು. ದಿನಾ ಬೆಳಿಗ್ಗೆ ಆ ಹುಡುಗನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ಮರುದಿನದಿಂದ ತಿಕ್ಕಲಿಲ್ಲ. ‘ನನ್ನ ಮೈಯಾಗಿಂದ ಬಂದದ್ದಂತ. ನಾನು ಮುಟ್ಟಿದ್ರ ಇನ್ನೂ ಹೆಚ್ಚಾದೀತು’ ಎಂದಳು. ಮುಟ್ಟಿದರೆ ಹತ್ತುವ ರೋಗವಲ್ಲ ಎಂದು ರೇಣುಕಾ ಎಷ್ಟು ಸಲ ಹೇಳಿದರೂ ತಲೆಯಾಡಿಸಿದಳೇ ಹೊರತು ಮುಟ್ಟಲಿಲ್ಲ.

ಮರುದಿನ ಅಮಾವಾಸ್ಯೆ. ಗಾದಿಲಿಂಗಪ್ಪ ಹೊರಗೆ ಹೋಗಲಿಲ್ಲ. ಮುಂದಿನ ಅಮಾವಾಸ್ಯೆಗೂ ಹೋಗಲಿಲ್ಲ. ರೇಣುಕಾ ಗೆದ್ದಿದ್ದಳು. ಅಪ್ಪ ಉಳಿದ. ಉಳಿದವನು ಮತ್ತೆ ಹೋಗಿ ಹಿಟಾಚಿ ಹತ್ತಿದ, ಎರಡೆರಡು ಪಾಳಿ. ಯಾವ ಕಟ್ಟೆ ಬಂದರೂ ಈಗ ಯಂತ್ರ ನಿಲ್ಲಿಸುವುದಿಲ್ಲವೆಂದು ಜನ ಹೇಳುತ್ತಿದ್ದರು. ಮನೆಗೆ ಬಂದರೆ ಮಗನ ಕಡೆ ನೋಡುತ್ತಿರಲಿಲ್ಲ. ಗಂಡ ಹೆಂಡತಿ ಜಗಳವಾಡಲಿಲ್ಲ, ಮಾತೂ ಆಡಲಿಲ್ಲ. ಕೇರಿಯಲ್ಲಿ ಸುದ್ದಿ ಹಬ್ಬಲು ತಡವಾಗಲಿಲ್ಲ. ಉಚ್ಚಂಗೆಮ್ಮನನ್ನು ಬಾಣಂತಿಯರ ಮನೆಗೆ ಕರೆಯುವುದು ನಿಂತಿತು. ರೇಣುಕಾಳಿಗೆ ಬಂದಿದ್ದ ಒಂದು ಸಂಬಂಧ ವಾಪಸು ಹೋಯಿತು. ಅವಳಲ್ಲೂ ಆ ಕೆಟ್ಟ ಎಕ್ಸ್ ಇರಬಹುದು, ಇಲ್ಲದಿರಬಹುದು, ಅರ್ಧಕ್ಕರ್ಧ. ಪರೀಕ್ಷೆ ಮಾಡಿಸಿಕೊಂಡಳೋ ಇಲ್ಲವೋ ನನಗೆ ಹೇಳಿಲ್ಲ. ಮದುವೆಯಂತೂ ಆಗಲಿಲ್ಲ. ದುರುಗೇಶ ತೀರಿಕೊಂಡದ್ದು ಇದೆಲ್ಲ ಆಗಿ ಏಳು ವರ್ಷಕ್ಕೆ, ಗಣಿಗಳೆಲ್ಲ ಬಂದ್ ಆಗಿ ಆ ರಸ್ತೆ ಖಾಲಿ ಬಿದ್ದ ಮೇಲೆ.

ನಾನು ಹೇಳಬೇಕಾದದ್ದು ಅದಕ್ಕೂ ಮೊದಲಿನ ಒಂದು ದಿನದ ಸುದ್ದಿ. 2006, ನಮ್ಮ ಕೊನೆಯ ಪರೀಕ್ಷೆ ಮುಗಿದಿತ್ತು. ರೇಣುಕಾಳಿಗೆ ರ‍್ಯಾಂಕ್ ಬರುತ್ತದೆಂದು ವಿಭಾಗದಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಅವಳನ್ನು ನೋಡಲು ಕುರೆಕುಪ್ಪಕ್ಕೆ ಹೋದೆ. ದುರುಗೇಶ ಇನ್ನೂ ಪೂರಾ ಹಾಸಿಗೆ ಹಿಡಿಯದಿದ್ದರೂ ನಡೆಯುವುದು ಮುಗಿದಿತ್ತು. ಬಾಗಿಲ ಬಳಿ ಹಗ್ಗದ ಮಂಚದ ಮೇಲೆ ಕೂತು ಹೋಗಿಬರುವ ಲಾರಿಗಳ ನಂಬರ್ ಓದುತ್ತಿದ್ದ. ಗಾದಿಲಿಂಗಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಒಳಗೆ ಗೋಡೆಗೊರಗಿ ಕೂತಿದ್ದ. ಉಚ್ಚಂಗೆಮ್ಮ ರೊಟ್ಟಿ ಬಡಿಯುತ್ತಿದ್ದಳು.

ದುರುಗೇಶ ಅಕ್ಕನನ್ನು ಹತ್ತಿರ ಕರೆದ. ಗುಟ್ಟು ಹೇಳುವವನಂತೆ ಕರೆದ, ಆದರೆ ಆ ಚಿಕ್ಕ ಮನೆಯಲ್ಲಿ ಎಲ್ಲರಿಗೂ ಕೇಳುವಂತಿತ್ತು.

‘ಅಕ್ಕಾ, ಅಪ್ಪ ಈಗ ಯಾಕ ಅಮಾಸಿಗೆ ಮಲಗಿ ಮಲಗಿ ಹೋಗಂಗಿಲ್ಲ?’

‘ಲಾರಿ ಭಾಳ ಆಗ್ಯಾವಲ್ಲೋ’ ಎಂದಳು ರೇಣುಕಾ.

‘ಮೊದಲೂ ಭಾಳ ಇದ್ದುವು.’ ಅಂದವನು ಒಳಗೆ ಅಪ್ಪನ ಕಡೆ ನೋಡಿದ. ‘ನಾನು ಆರಾಮ ಆಗಂಗಿಲ್ಲಂತ ಅವಂಗ ಗೊತ್ತಾತೇನು?’

ರೊಟ್ಟಿ ಬಡಿಯುವ ಕೈ ನಿಂತಿತು. ನಮ್ಮಲ್ಲಿ ಯಾರೂ ಆ ಹುಡುಗನಿಗೆ ಏನೂ ಹೇಳಿರಲಿಲ್ಲ. ಎಕ್ಸ್ ಬೇಡ, ರಕ್ತ ಬೇಡ, ಡುಶೆನ್ ಬೇಡ. ಅಪ್ಪ ಮಲಗುವುದನ್ನು ನಿಲ್ಲಿಸಿದ ಎಂಬುದೊಂದೇ ಅವನಿಗೆ ಸಾಕಾಗಿತ್ತು. ಎಂ.ಎಸ್ಸಿ. ಓದಿದ ಇಬ್ಬರು ಅಲ್ಲಿ ನಿಂತಿದ್ದೆವು. ನನಗೆ ಅಳು ಬಂತು, ಹಲ್ಲು ಕಚ್ಚಿ ತಡೆದೆ.

ಗಾದಿಲಿಂಗಪ್ಪ ಎದ್ದು ಹೊರಗೆ ಬಂದ. ನಲ್ಲಿಯ ಕೆಳಗೆ ಕೂತು ಬಟ್ಟೆಯ ಸಮೇತ ತಲೆಯ ಮೇಲೆ ನೀರು ಸುರಿದುಕೊಂಡ. ಅಂದು ಅಮಾವಾಸ್ಯೆಯೂ ಅಲ್ಲ, ಯಾವ ಹಬ್ಬವೂ ಅಲ್ಲ.

ರೇಣುಕಾ ಓಡಿ ಹೋಗಿ ಅವನ ತೋಳು ಹಿಡಿದಳು. ‘ಅಪ್ಪಾ, ಬ್ಯಾಡ. ನಿನಗ ಗೊತ್ತೈತಲ್ಲ.’

‘ಗೊತ್ತೈತಿ. ಬಿಡು’ ಎಂದ. ‘ಹುಡುಗ ನೋಡಾಕತ್ಯಾನ.’

ಬಾಗಿಲ ಮುಂದೆಯೇ ಮೊದಲ ಸಲ ಮಲಗಿದ. ಕೋಲು ಹಿಡಿಯಬೇಕಾದ ಉಚ್ಚಂಗೆಮ್ಮ ಹೊರಗೆ ಬಂದಳು, ಆದರೆ ಕೋಲು ಮುಟ್ಟಲಿಲ್ಲ. ಮಂಚದ ಮೇಲೆ ಮಗನ ಹಿಂದೆ ಕೂತು, ಅವನಿಗೆ ರಸ್ತೆ ಕಾಣುವಂತೆ ಬೆನ್ನಿಗೆ ಎದೆಕೊಟ್ಟು ಎತ್ತಿ ಹಿಡಿದಳು. ರೇಣುಕಾ ತಾಯಿಯ ಮುಖ ನೋಡಿದಳು. ಆಮೇಲೆ ತಾನೇ ಕೋಲು ತೆಗೆದುಕೊಂಡಳು. ನನ್ನ ಕೆಂಪು ದುಪಟ್ಟಾ ಕೇಳಿದಳು. ಕೊಟ್ಟೆ. ಅದನ್ನು ಬೀಸುತ್ತಾ ರಸ್ತೆಯ ನಡುವೆ ನಿಂತಳು. ಮೊದಲ ಲಾರಿ ಹಾರ್ನ್ ಹೊಡೆಯಿತು, ಬೈದಿತು, ಕೊನೆಗೆ ನಿಂತಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ದೂಳು ಎದ್ದು ಅಪ್ಪ ಮಗಳು ಇಬ್ಬರೂ ಕೆಂಪಾದರು. ರೇಣುಕಾ ಲಾರಿಗಳ ಕಡೆಯೇ ನೋಡುತ್ತಾ ಬಗ್ಗಿ ಅಪ್ಪನ ಕೈಯ ಬಳಿ ಗೆರೆ ಎಳೆದಳು.

ದುರುಗೇಶ ಮಂಚದಿಂದ ಕೂಗಿದ. ಆ ದನಿಯಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ಖುಷಿ ಇತ್ತು.

‘ಅಕ್ಕಾ, ಅಲ್ಲಲ್ಲ! ಅಪ್ಪನ ಕೈ ಇನ್ನೂ ಮುಂದ ಐತಿ ನೋಡು. ಗೆರಿ ಅಲ್ಲಿ ಎಳಿ.’

ರೇಣುಕಾ ಆ ಗೆರೆಯನ್ನು ಕಾಲಿನಿಂದ ಅಳಿಸಿ, ಮುಂದಕ್ಕೆ ಹೋಗಿ ಇನ್ನೊಂದು ಎಳೆದಳು.